ಕೂದಲೆಳೆಯ ಗೆರೆಗೆ ಕ್ಯಾಮೆರಾ ಸಾಕ್ಷಿ

“ಅಂಗೈ ಅಗಲದ ಚಿತ್ರಕ್ಕ ಇಷ್ಟ್ ರೊಕ್ಕೇನ್ರಿ?”

ಸೂಕ್ಷ್ಮಚಿತ್ರ ಬರೆದು ಹೊಟ್ಟೆ ಹೊರೆಯುವ ಎಲ್ಲರಿಗೂ ಈ ಮಾತು ಕೇಳಿ ಗೊತ್ತು. ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಗೋಡೆ ತುಂಬುವ ಚಿತ್ರ ಕಂಡರೆ ಅದರಲ್ಲಿ ಎಷ್ಟು ಕೆಲಸವಿದೆ ಎಂಬುದು ಕಣ್ಣಳತೆಯಲ್ಲೇ ತಿಳಿಯುತ್ತದೆ. ಅಂಗೈ ಅಗಲದ ಚಿತ್ರದಲ್ಲಿ ಕೆಲಸ ಅಡಗಿ ಕೂತಿರುತ್ತದೆ. ಮುತ್ತಿನ ಸರದ ಒಂದೊಂದು ಮುತ್ತು, ಹುಬ್ಬಿನ ಒಂದೊಂದು ಕೂದಲು ಬೇರೆ ಬೇರೆಯಾಗಿ ಬರೆದದ್ದು ಎಂದು ಹೇಳಿದರೆ ಯಾರೂ ನಂಬುವುದಿಲ್ಲ, ತೋರಿಸಿದರೆ ನಂಬುತ್ತಾರೆ. ತೋರಿಸಲಿಕ್ಕೆಂದೇ ನಾನು ಕ್ಯಾಮೆರಾ ಹಿಡಿದೆ.

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಮನೆಯ ಮೇಲಿನ ಕೋಣೆಯೇ ನನ್ನ ಕೆಲಸದ ಜಾಗ. ಸುರಪುರ ಶೈಲಿಯ ಮತ್ತು ದಖ್ಖನಿ ಶೈಲಿಯ ಚಿತ್ರ ಬರೆಯುತ್ತೇನೆ. ಬರೆಯುವುದನ್ನು ವಿಡಿಯೊ ಮಾಡಿ ಕನ್ನಡದಲ್ಲಿ ವಿವರಿಸುತ್ತೇನೆ. ಈ ಎರಡರ ಸುತ್ತಲೇ ನನ್ನ ಜೀವನ ನಡೆಯುತ್ತದೆ.

ಸೂಪರ್ ಮಾರ್ಕೆಟ್ಟಿನ ಸಾಮಾನು

ನನ್ನ ವಾರ ಶುರುವಾಗುವುದು ಸೂಪರ್ ಮಾರ್ಕೆಟ್ಟಿನಲ್ಲಿ. ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಎಂದರೆ ಊರಿನ ನಡುವಿನ ಇಡೀ ಪೇಟೆ. ಸಿಟಿ ಬಸ್ಸುಗಳು ಬಂದು ನಿಲ್ಲುವ ಜಾಗ, ಬಟ್ಟೆ, ಭಾಂಡೆ, ಮೊಬೈಲ್, ಸ್ಟೇಷನರಿ ಅಂಗಡಿಗಳ ಸಾಲು, ತಳ್ಳುಗಾಡಿಗಳು, ಸಂಜೆಯ ಗದ್ದಲ. ಮಿನಿಯೇಚರ್ ಚಿತ್ರಕ್ಕೆ ಬೇಕಾದ ಎಲ್ಲ ಸಾಮಾನೂ ಒಂದೇ ಅಂಗಡಿಯಲ್ಲಿ ಸಿಗುವುದಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ಹತ್ತಿ ನಾರಿನ ಹಾಳೆ, ಕಿರಾಣಿ ಅಂಗಡಿಯಲ್ಲಿ ಮೈದಾ, ಜಾಲಿ ಅಂಟು, ಗೊಬ್ಬರದ ಅಂಗಡಿಯಲ್ಲಿ ಒಂದು ಚಿಟಿಕೆ ಮೈಲುತುತ್ತ, ಮೊಬೈಲ್ ಅಂಗಡಿಯಲ್ಲಿ ಟ್ರೈಪಾಡ್ ಮತ್ತು ಮೆಮೊರಿ ಕಾರ್ಡು. ಒಂದು ಚೀಲದಲ್ಲಿ ನಾಲ್ಕು ಶತಮಾನದ ಸಾಮಾನು ಸೇರಿರುತ್ತದೆ.

ನನ್ನ ಚಿತ್ರಗಳಿಗೆ ಚೌಕಟ್ಟು ಹಾಕಿಕೊಡುವ ಕಾಕಾನ ಅಂಗಡಿಯೂ ಅಲ್ಲೇ ಒಂದು ಓಣಿಯೊಳಗಿದೆ. “ಗಾಜು ಚಿತ್ರಕ್ಕ ಹತ್ತಬಾರದು ನೋಡವಾ. ಮಳಿಗಾಲದಾಗ ಬೆವರತದ, ಬಣ್ಣ ಗಾಜಿಗಿ ಹಿಡಕೋತದ” ಎಂದು ಅವರು ಪ್ರತಿ ಸಲ ಹೇಳುತ್ತಾರೆ. ಅದಕ್ಕೇ ಚಿತ್ರಕ್ಕೂ ಗಾಜಿಗೂ ನಡುವೆ ದಪ್ಪ ಕಾಗದದ ಅಂಚು ಕೂರಿಸಿ ಸ್ವಲ್ಪ ಗಾಳಿಗೆ ಜಾಗ ಬಿಡುತ್ತಾರೆ. ಅಂಟಿನಲ್ಲಿ ಕಲಸಿದ ಬಣ್ಣಕ್ಕೆ ನೀರಿನ ಪಸೆ ತಾಗಿದರೆ ಅದು ಮತ್ತೆ ಮೆತ್ತಗಾಗುತ್ತದೆ ಎಂಬುದನ್ನು ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲ.

ಈ ಪೇಟೆಯಿಂದ ಕೋಟೆ ಹತ್ತಿರವೇ ಇದೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ಕಲಬುರಗಿ ಅದರ ರಾಜಧಾನಿಯಾಯಿತು. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ತೆರೆದ ಅಂಗಳವೇ ಇಲ್ಲದೆ ಪೂರ್ತಿ ಮೇಲ್ಛಾವಣಿ ಹೊದ್ದ ಅಪರೂಪದ ಕಟ್ಟಡ ಅದು. ಚಿತ್ರದಲ್ಲಿ ಕಮಾನು ಬರೆಯಬೇಕಾದಾಗ ನಾನು ಅಲ್ಲಿಗೆ ಹೋಗಿ ಕೂರುತ್ತೇನೆ. ಅಗಲವಾದ ಗಿಡ್ಡ ಕಮಾನು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಪುಸ್ತಕದಲ್ಲಿ ನೋಡಿ ಬರೆದ ಕಮಾನಿಗೂ ಅಲ್ಲಿ ಕೂತು ಬರೆದ ಕಮಾನಿಗೂ ವ್ಯತ್ಯಾಸ ಇದ್ದೇ ಇರುತ್ತದೆ.

ಕಮಲಾಪುರದ ಜಾಜು

ಕಮಲಾಪುರ ನನ್ನ ತವರು. ಹುಮನಾಬಾದ್ ರಸ್ತೆಯ ಬಸ್ಸು ಹತ್ತಿದರೆ ಸುಮಾರು ಒಂದು ತಾಸು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ರೊಕ್ಕವಿಲ್ಲ, ಹಾಗಾಗಿ ಮಣ್ಣು ತರಲಿಕ್ಕೆಂದೇ ಹೋಗಿಬರುವುದೂ ಉಂಟು. ಹೊರಗಿನವರಿಗೆ ಕಮಲಾಪುರ ಗೊತ್ತಿರುವುದು ಭೌಗೋಳಿಕ ಸೂಚಿ ಪಡೆದ ಕೆಂಪು ಬಾಳೆಯಿಂದ. ನನಗೆ ಅಲ್ಲಿನ ಕೆಂಪು ಮಣ್ಣೂ ಅಷ್ಟೇ ಮುಖ್ಯ. ಕಲಬುರಗಿಯ ಸುತ್ತ ತೊಗರಿ ಬೆಳೆಯುವ ಎರೆ ಭೂಮಿ. ಆ ದಾರಿಯಲ್ಲಿ ಮುಂದೆ ಹೋದಂತೆ ಅಲ್ಲಲ್ಲಿ ಮಣ್ಣು ಕೆಂಪಾಗುತ್ತದೆ.

“ಮಣ್ಣ್ ಒಯ್ಯಾಕ ಬಂದಿಯೇನವಾ? ಉಂಡು ಹೋಗು ಮೊದಲ” ಎನ್ನುತ್ತಾಳೆ ಅವ್ವ. ಉಂಡಾದ ಮೇಲೆ ಹೊಲದ ದಂಡೆಯಿಂದ ಒಂದು ಬುಟ್ಟಿ ಮಣ್ಣು. ಅದನ್ನು ಕುಟ್ಟಿ, ಬಕೆಟ್ ನೀರಿನಲ್ಲಿ ಕದಡುತ್ತೇನೆ. ಮರಳು, ಹರಳು ಕೂಡಲೇ ತಳಕ್ಕೆ ಹೋಗುತ್ತವೆ. ಮೇಲೆ ಉಳಿದ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ ತಿಳಿಯಾಗಲು ಬಿಡುತ್ತೇನೆ. ಹೀಗೆ ಪಾತ್ರೆಯಿಂದ ಪಾತ್ರೆಗೆ ದಾಟಿಸುತ್ತ ಹೋದರೆ ಕಡೆಗೆ ಉಳಿಯುವುದು ಬೆರಳಿಗೆ ಬೆಣ್ಣೆಯ ಹಾಗೆ ಹತ್ತುವ ಕೆಸರು. ಅದನ್ನು ಒಣಗಿಸಿ, ಅಂಟಿನ ನೀರು ಹಾಕಿ ಕಲ್ಲಿನ ಮೇಲೆ ಅರೆದರೆ ಜಾಜು ಸಿದ್ಧ. ಗುಡಿಯ ಗೋಡೆಗೆ ಸುಣ್ಣದ ಪಟ್ಟಿಯ ಪಕ್ಕ ಬಳಿಯುವ ಅದೇ ಬಣ್ಣ.

ಜಾಜಿನ ಕೆಂಪು ಕಬ್ಬಿಣದ ಆಕ್ಸೈಡ್. ಅದು ಬಿಸಿಲಿಗೆ ಬಾಡುವುದಿಲ್ಲ. ಹೂವು, ತೊಗಟೆಯಿಂದ ತೆಗೆದ ಹಲವು ಬಣ್ಣಗಳು ಬೆಳಕಿಗೆ ಸೋಲುತ್ತವೆ, ಮಣ್ಣಿನ ಬಣ್ಣ ಸೋಲುವುದಿಲ್ಲ. ಹಳೆಯ ಚಿತ್ರಗಾರರು ಮೊದಲ ಗೆರೆಯನ್ನು ಜಾಜಿನಲ್ಲಿ ಎಳೆಯುತ್ತಿದ್ದರು, ನಾನೂ ಹಾಗೆಯೇ ಎಳೆಯುತ್ತೇನೆ. ಎಲ್ಲ ಹಳೆಯ ಬಣ್ಣವನ್ನೂ ನಾನು ಬಳಸುವುದಿಲ್ಲ ಎಂಬುದನ್ನು ವಿಡಿಯೊದಲ್ಲಿ ಒತ್ತಿ ಹೇಳುತ್ತೇನೆ. ಹರತಾಳದ ಹಳದಿಯಲ್ಲಿ ಆರ್ಸೆನಿಕ್ ಇದೆ, ಇಂಗಲೀಕದ ಕೆಂಪಿನಲ್ಲಿ ಪಾದರಸ ಇದೆ. ಅವುಗಳ ಜಾಗದಲ್ಲಿ ಟ್ಯೂಬಿನ ಬಣ್ಣ ಸಾಕು. ಕುಂಚದ ತುದಿ ಚೂಪಾಗಿಸಲು ಅದನ್ನು ತುಟಿಗೆ ತಾಗಿಸುವ ಚಾಳಿಯನ್ನು ಕಲಿಯುವ ಮಕ್ಕಳು ಮೊದಲ ದಿನವೇ ಬಿಡಬೇಕು.

ಕುಂಚದ ಬಗ್ಗೆಯೂ ಅಷ್ಟೇ. “ಯಾವ ಪ್ರಾಣಿಯ ಕೂದಲು?” ಎಂದು ಬಹಳ ಜನ ಕೇಳುತ್ತಾರೆ. ನನ್ನದು ಸಿಂಥೆಟಿಕ್, ಮೂರು ಸೊನ್ನೆಯ ನಂಬರಿನದು. ಮುಂಗುಸಿ ಕೂದಲಿನ ಕುಂಚದ ವ್ಯಾಪಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ದಳ ‘ಆಪರೇಷನ್ ಕ್ಲೀನ್ ಆರ್ಟ್’ ಎಂಬ ಹೆಸರಿನಲ್ಲಿ ಹಲವು ರಾಜ್ಯಗಳಲ್ಲಿ ಇಂಥ ಕುಂಚಗಳನ್ನು ಹಿಡಿಯಿತು. ಒಂದು ಜೀವಕ್ಕೆ ಕುತ್ತು ತಂದು ಬರೆಯುವ ಗೆರೆ ನನಗೆ ಬೇಡ.

ಹಾಳೆಯಿಂದ ಬಂಗಾರದವರೆಗೆ

ಸೂಕ್ಷ್ಮಚಿತ್ರದ ಹಾಳೆಗೆ ವಸ್ಲಿ ಎನ್ನುತ್ತಾರೆ. ಹಲವು ಹಾಳೆಗಳನ್ನು ಮೈದಾ ಅಂಟಿನಿಂದ ಒಂದರ ಮೇಲೊಂದು ಕೂಡಿಸಿ ಒಣಗಿಸುತ್ತೇವೆ. ಅಂಟಿನಲ್ಲಿ ಮೈಲುತುತ್ತ ಇದ್ದರೆ ಹುಳ ಹತ್ತುವುದಿಲ್ಲ. ಒಣಗಿದ ಮೇಲೆ ಅಕೀಕ್ ಕಲ್ಲಿನಿಂದ ಉಜ್ಜಬೇಕು. ಉಜ್ಜಿದಷ್ಟೂ ಹಾಳೆಯ ನಾರು ಮಲಗಿ ನುಣುಪಾಗುತ್ತದೆ, ಗೆರೆ ಹರಡದೆ ನಿಲ್ಲುತ್ತದೆ.

ಆಮೇಲೆ ಜಾಜಿನ ಗೆರೆ, ಅದರ ಮೇಲೆ ತೆಳು ಬಿಳಿ, ಬಿಳಿಯೊಳಗಿಂದ ಮಸುಕಾಗಿ ಕಾಣುವ ಗೆರೆಯ ಮೇಲೆ ಮತ್ತೆ ಗೆರೆ. ಸಪಾಟು ಬಣ್ಣ ತುಂಬಿ, ಹಾಳೆ ಬೋರಲು ಹಾಕಿ ಹಿಂಬದಿಯಿಂದ ಉಜ್ಜಿದರೆ ಬಣ್ಣ ಹಾಳೆಯೊಳಗೆ ಕೂರುತ್ತದೆ. ಬಳಿಕ ಬರುವುದು ಪರ್ದಾಜ್. ಕೆನ್ನೆಯ ದುಂಡು, ಗಲ್ಲದ ನೆರಳು ತೋರಿಸಲು ನಾವು ಬಣ್ಣವನ್ನು ನೀರಿನಲ್ಲಿ ಹರಡುವುದಿಲ್ಲ. ಕಣ್ಣಿಗೆ ಬೇರೆ ಬೇರೆ ಕಾಣದಷ್ಟು ಸಣ್ಣ ಗೀಟು, ಚುಕ್ಕಿಗಳನ್ನು ಪಕ್ಕಪಕ್ಕ ಇಡುತ್ತ ಹೋಗುತ್ತೇವೆ. ಹೆಬ್ಬೆರಳ ಉಗುರಿನಷ್ಟು ಮುಖಕ್ಕೆ ಒಂದು ಇಡೀ ಮುಂಜಾನೆ ಹಿಡಿಯುತ್ತದೆ. ಕುಂಚದಲ್ಲಿ ಬಣ್ಣ ಬಹುತೇಕ ಒಣಗಿರಬೇಕು, ಉಸಿರು ಬಿಟ್ಟಾದ ಮೇಲೆ ಕೈ ಇಳಿಯಬೇಕು. ಮುತ್ತು ಬರೆಯುವಾಗ ಮಾತ್ರ ಇದಕ್ಕೆ ತಿರುಗಾಮುರುಗಾ. ಅಲ್ಲಿ ದಪ್ಪ ಬಿಳಿಯ ಹನಿಯನ್ನು ಮೆಲ್ಲಗೆ ಇಳಿಸಿ ಹಾಗೇ ಬಿಡಬೇಕು. ಒಣಗಿದ ಮೇಲೆ ಅದು ಉಬ್ಬಿ ನಿಂತು ತನ್ನದೇ ನೆರಳು ಬೀರುತ್ತದೆ.

ಕಡೆಯದು ಬಂಗಾರ. ಬಂಗಾರದ ರೇಕನ್ನು ಅಂಟಿನಲ್ಲಿ ಬೆರಳ ತುದಿಯಿಂದ ತಿಕ್ಕಿ ತಿಕ್ಕಿ ಪುಡಿ ಮಾಡಿ, ನೀರಿನಲ್ಲಿ ತೊಳೆದು, ತಳದಲ್ಲಿ ಕೂತ ಬಂಗಾರವನ್ನು ಬಣ್ಣದ ಹಾಗೆ ಬಳಸುತ್ತೇವೆ. ತಂಜಾವೂರಿನವರಂತೆ ಉಬ್ಬು ಕೆಲಸ ಮಾಡಿ ಹರಳು ಕೂರಿಸುವುದು ಬೇರೆ ದಾರಿ. ನಾನು ಬಂಗಾರವನ್ನು ಮಟ್ಟಸವಾಗಿಯೇ ಇಡುತ್ತೇನೆ. ಹಚ್ಚಿದಾಗ ಅದು ಮಣ್ಣು ಹಳದಿಯಾಗಿ ಮಂಕಾಗಿರುತ್ತದೆ, ನೋಡಿದವರಿಗೆ ಬಂಗಾರ ಅನ್ನಿಸುವುದೇ ಇಲ್ಲ. ಒಣಗಿದ ಮೇಲೆ ಅಕೀಕ್ ಕಲ್ಲಿನ ತುದಿ ಅದರ ಮೇಲೆ ಓಡಿದಾಗ, ಓಡಿದ ಕಡೆಯೆಲ್ಲ ಹೊಳಪು ಏಳುತ್ತದೆ. ನನ್ನ ವಿಡಿಯೊಗಳಲ್ಲಿ ಜನ ಮತ್ತೆ ಮತ್ತೆ ಹಿಂದಕ್ಕೆ ಎಳೆದು ನೋಡುವ ಭಾಗ ಇದೇ.

ಈ ಎಲ್ಲ ಕೆಲಸಕ್ಕೂ ನಮ್ಮೂರ ಬೇಸಿಗೆ ಪರೀಕ್ಷೆ ಒಡ್ಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುತ್ತವೆ. ಫ್ಯಾನ್ ಹಾಕಿದರೆ ಬಂಗಾರದ ರೇಕು ಹಾರುತ್ತದೆ, ಹಾಕದಿದ್ದರೆ ಬೆವರು ಹಾಳೆಯ ಮೇಲೆ ಬೀಳುತ್ತದೆ. ಅದಕ್ಕೇ ಆ ತಿಂಗಳುಗಳಲ್ಲಿ ಸೂಕ್ಷ್ಮ ಕೆಲಸವೆಲ್ಲ ಸೂರ್ಯ ಮೇಲೇರುವ ಮೊದಲೇ ಮುಗಿಯಬೇಕು. ಬಣ್ಣ ಬೇಗ ಒಣಗದಂತೆ ನೋಡಿಕೊಳ್ಳುವುದನ್ನು ನಾನು ಕಲಿತದ್ದು ಇಂಗ್ಲೆಂಡಿನವರ ವಿಡಿಯೊಗಳಿಂದ. ಅಲ್ಲಿ ‘ವಾರ್‌ಹ್ಯಾಮರ್’ ಎಂಬ ಆಟ 1983ರಿಂದ ಇದೆ. ಅದರ ಬೆರಳುದ್ದದ ಸೈನಿಕರ ಗೊಂಬೆಗಳಿಗೆ ಬಣ್ಣ ಹಚ್ಚುವುದನ್ನೇ ಉದ್ಯೋಗ ಮಾಡಿಕೊಂಡು, ಅದನ್ನೇ ಚಿತ್ರೀಕರಿಸಿ ಬದುಕುವವರಿದ್ದಾರೆ. ಅವರು ಒದ್ದೆ ಸ್ಪಂಜಿನ ಮೇಲೆ ಬೆಣ್ಣೆ ಕಾಗದ ಹಾಸಿ, ಅದರ ಮೇಲೆ ಬಣ್ಣ ಕಲಸುತ್ತಾರೆ. ಅಕ್ರಿಲಿಕ್ ಕೆಲಸಕ್ಕೆ ನಾನೂ ಅದನ್ನೇ ಮಾಡುತ್ತೇನೆ. ಅಂಟಿನ ಬಣ್ಣದ ಬಟ್ಟಲುಗಳನ್ನು ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ.

ಅರಮನೆ ಹೋಯಿತು, ಕಣ್ಣು ಉಳಿದವು

ದಖ್ಖನಿ ಚಿತ್ರಕಲೆ 16 ಮತ್ತು 17ನೇ ಶತಮಾನಗಳಲ್ಲಿ ಅಹ್ಮದ್‌ನಗರ, ವಿಜಯಪುರ, ಗೋಲ್ಕೊಂಡದ ಆಸ್ಥಾನಗಳಲ್ಲಿ ಬೆಳೆಯಿತು. 1570ರಲ್ಲಿ ವಿಜಯಪುರದಲ್ಲಿ ಸಿದ್ಧವಾದ ‘ನುಜೂಮ್ ಉಲ್ ಉಲೂಮ್’ ಎಂಬ ಸಚಿತ್ರ ಹಸ್ತಪ್ರತಿ ಇಂದು ಐರ್ಲೆಂಡಿನ ಡಬ್ಲಿನ್‌ನಲ್ಲಿರುವ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಸಂಗೀತ, ಚಿತ್ರ ಎರಡನ್ನೂ ಪ್ರೀತಿಸಿದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲ (1580–1627) ಈ ಕಲೆಯ ಸುಗ್ಗಿ. 1686ರಲ್ಲಿ ವಿಜಯಪುರ, ಮರುವರ್ಷ ಗೋಲ್ಕೊಂಡ ಔರಂಗಜೇಬನ ಕೈಸೇರಿದ ಮೇಲೆ ದಖ್ಖನಿನ ಸಣ್ಣಪುಟ್ಟ ಸಂಸ್ಥಾನಗಳು ಚಿತ್ರಗಾರರಿಗೆ ಆಸರೆಯಾದವು. ಇಂದಿನ ಯಾದಗಿರಿ ಜಿಲ್ಲೆಯ ಸುರಪುರ ಅಂಥದೊಂದು. ನಾಯಕ ಅರಸರ ಆಶ್ರಯದಲ್ಲಿ ಅಲ್ಲಿ ದೇವರ ಚಿತ್ರ, ದರಬಾರಿನ ಚಿತ್ರಗಳು ತಮ್ಮದೇ ಚಹರೆ ಪಡೆದವು.

ಆ ಆಶ್ರಯಕ್ಕೂ ಕೊನೆ ಬಂತು. ಬಾಲಕ ರಾಜಾ ವೆಂಕಟಪ್ಪ ನಾಯಕನ ಪರವಾಗಿ 1841ರಿಂದ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡವನು ಫಿಲಿಪ್ ಮೆಡೋಸ್ ಟೇಲರ್. ಅವನು ಸ್ವತಃ ಚಿತ್ರ ಬರೆಯುತ್ತಿದ್ದ. ದೊಡ್ಡವನಾದ ರಾಜ ಬ್ರಿಟಿಷರ ವಿರುದ್ಧ ಎದ್ದ, ಸೆರೆಯಾದ, 1858ರಲ್ಲಿ ತೀರಿಕೊಂಡ. ಆಮೇಲೆ ಸುರಪುರ ನಿಜಾಮನ ಪಾಲಾಯಿತು. ಕೊಳ್ಳುವ ಅರಮನೆಯೇ ಇಲ್ಲವಾದಾಗ ಕುಂಚ ಹಿಡಿದವರು ಏನು ಮಾಡಬೇಕು? ಅಂದಿನಿಂದ ಇಂದಿನವರೆಗೆ ನಮ್ಮ ಉದ್ಯೋಗದ ಮೂಲ ಪ್ರಶ್ನೆ ಇದೇ.

ಇದಕ್ಕೆ ಒಂದು ಉತ್ತರವನ್ನು ನಮ್ಮೂರಿನವರೇ ಆದ ಎಸ್.ಎಂ. ಪಂಡಿತರು (1916–1993) ಬದುಕಿ ತೋರಿಸಿದರು. ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರ್, ಕ್ಯಾಲೆಂಡರುಗಳ ಚಿತ್ರ ಬರೆದು, ದೇವರ ಪಟಗಳನ್ನು ಮನೆಮನೆಯ ಗೋಡೆಗೆ ತಲುಪಿಸಿದರು. ಅವರ ಹೆಸರಿನ ರಂಗಮಂದಿರ ಕಲಬುರಗಿಯಲ್ಲಿದೆ. ಅರಮನೆಯ ಜಾಗಕ್ಕೆ ಛಾಪಖಾನೆ ಬಂದ ಕಾಲದಲ್ಲಿ ಅವರು ಛಾಪಖಾನೆಯನ್ನು ಕೀಳಾಗಿ ಕಾಣಲಿಲ್ಲ. ಈಗ ಆ ಜಾಗಕ್ಕೆ ಮೊಬೈಲ್ ಪರದೆ ಬಂದಿದೆ. ಲಾಹೋರಿನ ನ್ಯಾಷನಲ್ ಕಾಲೇಜ್ ಆಫ್ ಆರ್ಟ್ಸ್‌ನಲ್ಲಿ ಮಿನಿಯೇಚರ್ ಕಲಿತ ಶಾಜಿಯಾ ಸಿಕಂದರ್ ಅದೇ ಶೈಲಿಯ ಚಿತ್ರಗಳನ್ನು 2003ರ ‘ಸ್ಪಿನ್’ ಕೃತಿಯಲ್ಲಿ ಚಲಿಸುವ ಚಿತ್ರವಾಗಿಸಿದರು. ಈ ಹಳೆಯ ಕಲೆಗೆ ಪರದೆ ಒಗ್ಗುವುದಿಲ್ಲ ಎನ್ನುವವರು ಅದನ್ನೊಮ್ಮೆ ನೋಡಬೇಕು.

ಮೇಜಿನ ಮೇಲೊಂದು ಕಣ್ಣು

ನನ್ನ ಮೊಬೈಲ್ ಮೇಜಿನ ಮೇಲೆ, ನೆತ್ತಿಯಿಂದ ನೋಡುವಂತೆ ಒಂದು ಕಬ್ಬಿಣದ ತೋಳಿಗೆ ಕಚ್ಚಿಕೊಂಡಿರುತ್ತದೆ. ಫೋಕಸ್, ಬೆಳಕು, ವೈಟ್ ಬ್ಯಾಲೆನ್ಸ್ ಮೂರನ್ನೂ ಮೊದಲೇ ಲಾಕ್ ಮಾಡಬೇಕು. ಇಲ್ಲದಿದ್ದರೆ ನನ್ನ ಕೈ ಅಡ್ಡ ಬಂದಾಗಲೆಲ್ಲ ಜಾಜಿನ ಕೆಂಪು ಒಮ್ಮೆ ಕಿತ್ತಳೆಯಾಗಿ, ಒಮ್ಮೆ ಕಂದಾಗಿ ಕಾಣುತ್ತದೆ. ನಮ್ಮ ದೇಶದ ಕರೆಂಟು 50 ಹರ್ಟ್ಜ್. ಸೆಕೆಂಡಿಗೆ 25 ಫ್ರೇಮು, ಶಟರ್ ಐವತ್ತನೇ ಒಂದು ಸೆಕೆಂಡು ಇಟ್ಟರೆ ಎಲ್‌ಇಡಿ ದೀಪದ ಕೆಳಗೆ ಕಾಣುವ ಕಪ್ಪು ಪಟ್ಟಿಗಳ ಕಾಟ ತಪ್ಪುತ್ತದೆ. ಬಂಗಾರ ಚಿತ್ರೀಕರಿಸುವಾಗ ದೀಪದ ಮುಂದೆ ಬಿಳಿ ಬಟ್ಟೆ ಕಟ್ಟಿ, ಬೆಳಕು ಓರೆಯಾಗಿ ಬೀಳುವಂತೆ ಮಾಡುತ್ತೇನೆ. ನೇರ ಬೆಳಕು ಬಿದ್ದರೆ ಬಂಗಾರ ಬರೀ ಬಿಳಿ ಕಲೆಯಾಗಿಬಿಡುತ್ತದೆ.

ಹಿನ್ನೆಲೆಗೆ ಸಿನಿಮಾ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ತಕರಾರು ಬರುತ್ತದೆ, ಹಣ ಹಾಡಿನವರಿಗೆ ಹೋಗುತ್ತದೆ. ನಾನು ಹಾಕುವುದು ಕಲ್ಲು ಹಾಳೆಯ ಮೇಲೆ ಉಜ್ಜುವ ಸದ್ದು, ಅದರ ಜೊತೆ ನನ್ನ ಮಾತು. ಮಾತು ನಮ್ಮ ಕಡೆಯ ಕನ್ನಡದ್ದೇ. ಕೆಲಸಕ್ಕೆ ಸಂಬಂಧಿಸಿದ ಒಂದೊಂದು ಹೆಜ್ಜೆಯನ್ನೂ ಹಳ್ಳಿಯ ಶಾಲೆಯ ಹುಡುಗಿ ಕೇಳಿ ಮಾಡಿನೋಡುವಂತೆ ಹೇಳಬೇಕು ಎಂಬುದು ನನ್ನ ನಿಯಮ.

ಇಲ್ಲಿ ಒಂದು ಜಗ್ಗಾಟ ಇದ್ದೇ ಇದೆ. ವಿಡಿಯೊಗೆ ಅವಸರ, ಚಿತ್ರಕ್ಕೆ ತಾಳ್ಮೆ. ಮೊದಲ ಕೆಲವು ಸೆಕೆಂಡಿನಲ್ಲಿ ಕಣ್ಣು ಸೆಳೆಯದಿದ್ದರೆ ಬೆರಳು ಮುಂದಕ್ಕೆ ಜಾರಿಬಿಡುತ್ತದೆ. ಹಾಗಂತ ಕ್ಯಾಮೆರಾಕ್ಕೆ ಚೆಂದ ಕಾಣಲೆಂದು ಗೆರೆ ಬೇಗ ಎಳೆದರೆ ಚಿತ್ರ ಕೆಡುತ್ತದೆ. ಆದ್ದರಿಂದ ಚಿತ್ರೀಕರಣ ನಡೆಯುವಾಗ ನಾನು ಪರದೆ ನೋಡುವುದೇ ಇಲ್ಲ. ಕೆಲಸ ತನ್ನ ಗತಿಯಲ್ಲಿ ನಡೆಯುತ್ತದೆ, ಕತ್ತರಿ ಆಮೇಲೆ. ಕಣ್ಣಿಗೂ ವಿರಾಮ ಬೇಕು. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ ಎಂದು ಕಣ್ಣಿನ ವೈದ್ಯರು ಹೇಳುತ್ತಾರೆ. ನನ್ನ ಕಿಟಕಿಯಾಚೆ ಒಂದು ಬೇವಿನ ಗಿಡವಿದೆ, ನನಗೆ ಅದೇ ಆ ವಸ್ತು.

ರೊಕ್ಕದ ಲೆಕ್ಕ

ಯೂಟ್ಯೂಬ್ ಹಣದ ಬಗ್ಗೆ ಬಹಳ ಜನರಿಗೆ ಕುತೂಹಲ. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆಯ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಆಗಿರಬೇಕು. ಉದ್ದದ ವಿಡಿಯೊದ ಜಾಹೀರಾತು ಆದಾಯದಲ್ಲಿ ಮಾಡಿದವರಿಗೆ ಶೇ 55, ಶಾರ್ಟ್ಸ್‌ನಲ್ಲಿ ಹಂಚಿಕೆಗೆ ಬಂದ ಮೊತ್ತದ ಶೇ 45. ಖಾತೆಯಲ್ಲಿ 100 ಡಾಲರ್ ಕೂಡುವವರೆಗೆ ಹಣ ಬ್ಯಾಂಕಿಗೆ ಬರುವುದಿಲ್ಲ. ವೇದಿಕೆಗಳೂ ಶಾಶ್ವತವಲ್ಲ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಹಳ್ಳಿಹಳ್ಳಿಯ ಕಲಾವಿದರು ಒಂದೇ ರಾತ್ರಿಯಲ್ಲಿ ತಮ್ಮ ನೋಡುಗರನ್ನು ಕಳೆದುಕೊಂಡರು.

ಹೀಗಾಗಿ ಜಾಹೀರಾತಿನ ಹಣವನ್ನು ನಾನು ಮೇಲಾದಾಯ ಎಂದೇ ಎಣಿಸುತ್ತೇನೆ. ಮನೆ ನಡೆಯುವುದು ಆರ್ಡರ್‌ಗಳಿಂದ: ಗೃಹಪ್ರವೇಶಕ್ಕೆ ವೇಣುಗೋಪಾಲ, ಮದುವೆಗೆ ವಧೂವರರ ಚಿತ್ರ, ತೀರಿಕೊಂಡ ಹಿರಿಯರ ಭಾವಚಿತ್ರ. ಎರಡನೆಯದು ರಜೆಯ ದಿನಗಳ ತರಗತಿ. ಬೆಲೆಯನ್ನು ಅಳತೆಯ ಮೇಲೆ ಹೇಳುವುದನ್ನು ಬಿಟ್ಟಿದ್ದೇನೆ. ಎಷ್ಟು ತಾಸು ಹಿಡಿಯುತ್ತದೆ, ತಾಸಿಗೆ ಎಷ್ಟು ಕೂಲಿ, ಬಂಗಾರದ ರೇಕಿಗೆ ಎಷ್ಟು, ಚೌಕಟ್ಟಿಗೆ ಎಷ್ಟು ಎಂದು ಬರೆದು ಕೊಡುತ್ತೇನೆ. ಅರ್ಧ ಮುಂಗಡ. ಗೌಂಡಿ, ಬಡಗಿಯ ಕೂಲಿಯನ್ನು ಒಪ್ಪುವವರು ಚಿತ್ರಗಾರರ ಕೂಲಿಯನ್ನೂ ಒಪ್ಪುತ್ತಾರೆ. ತಾಸುಗಳು ಕಣ್ಣಿಗೆ ಕಾಣಬೇಕು, ಅಷ್ಟೇ.

ಆ ತಾಸುಗಳನ್ನು ಕಾಣಿಸುವುದೇ ವಿಡಿಯೊದ ನಿಜವಾದ ಗಳಿಕೆ. ಕಮಲಾಪುರದ ಕಡೆಯಿಂದ ಬಂದ ಶಿಕ್ಷಕಿಯೊಬ್ಬರು ತಮ್ಮ ತಂದೆಯ ಚಿತ್ರ ಬರೆಸಲು ಬಂದಿದ್ದರು. ಲೆಕ್ಕದ ಚೀಟಿ ಮುಂದಿಟ್ಟೆ. “ಬ್ಯಾಡ್ರಿ ಅಕ್ಕಾ, ನಿಮ್ಮ ವಿಡಿಯೊ ನೋಡೀನಿ. ಒಂದ್ ಮೀಸಿ ಬರ್ಯಾಕ ಎಷ್ಟೊತ್ ಕುಂತಿದ್ರಿ ಅಂಬೋದು ಗೊತ್ತದ. ಯಾವಾಗ ಕೊಡ್ತೀರಿ ಅದಷ್ಟ ಹೇಳ್ರಿ” ಎಂದರು. ಚೌಕಾಸಿಯೇ ನಡೆಯಲಿಲ್ಲ. ಒಂದು ಕೆಲಸದ ಹಿಂದಿನ ಶ್ರಮವನ್ನು ಕಣ್ಣಾರೆ ಕಂಡ ಮನುಷ್ಯ ಅದನ್ನು ಅಗ್ಗ ಮಾಡಲು ಒಪ್ಪುವುದಿಲ್ಲ ಎಂಬ ನಂಬಿಕೆ ನನ್ನಲ್ಲಿ ಬೇರೂರಿದ್ದು ಇಂಥ ಗಿರಾಕಿಗಳಿಂದ.

ಕೈ ಬದಲಾದರೂ ಕೆಲಸ ಉಳಿಯಲಿ

ಹಳೆಯ ದಖ್ಖನಿ ಚಿತ್ರಗಳಲ್ಲಿ ಹೆಚ್ಚಿನವುಗಳ ಮೇಲೆ ಬರೆದವರ ಹೆಸರಿಲ್ಲ. ಬಣ್ಣ ಹೇಗೆ ಅರೆದರು, ಮುಖದ ನೆರಳು ಎಲ್ಲಿಂದ ಶುರು ಮಾಡಿದರು ಎಂಬುದನ್ನು ಅವರು ಮಕ್ಕಳಿಗೆ, ಶಿಷ್ಯರಿಗೆ ಕೈಯಿಂದ ಕಲಿಸಿದರು. ಆಶ್ರಯ ಹೋದಾಗ ಕಲಿಯುವವರೂ ಚದುರಿದರು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ದಖ್ಖನಿ ಚಿತ್ರಗಳ ಮುಂದೆ ನಿಂತಾಗಲೆಲ್ಲ ಮುಗಿದ ಚಿತ್ರ ಕಾಣುತ್ತದೆ, ಅದನ್ನು ಮಾಡಿದ ದಾರಿ ಕಾಣುವುದಿಲ್ಲ. ನಾವು ಆ ದಾರಿಯನ್ನು ಊಹಿಸಿ ನಡೆಯಬೇಕಾಗಿದೆ.

ನಮ್ಮ ನಂತರದವರಿಗೆ ಆ ಕಷ್ಟ ಇರಬಾರದು. ಜನರಿಗೆ ತೋರಿಸಲು ಕತ್ತರಿಸಿದ ವಿಡಿಯೊ ಒಂದಾದರೆ, ಕತ್ತರಿಸದ ಪೂರ್ತಿ ವಿಡಿಯೊವನ್ನು ಬೇರೆಯಾಗಿ ಹಾರ್ಡ್ ಡಿಸ್ಕಿನಲ್ಲಿ ಇಡುತ್ತೇನೆ. ಕೇಳಿದ ವಿದ್ಯಾರ್ಥಿಗಳಿಗೆ ಕೊಡುತ್ತೇನೆ. ಕಲಬುರಗಿಗೆ ಕಲಾ ಶಿಕ್ಷಣದ ಗಟ್ಟಿ ಪರಂಪರೆಯಿದೆ. ಐಡಿಯಲ್ ಫೈನ್ ಆರ್ಟ್ ಸಂಸ್ಥೆ, ಎಂ.ಎಂ.ಕೆ. ದೃಶ್ಯಕಲಾ ಕಾಲೇಜು, ಗುಲಬರ್ಗಾ ವಿಶ್ವವಿದ್ಯಾಲಯದ ದೃಶ್ಯಕಲಾ ವಿಭಾಗ ಇಲ್ಲಿವೆ. ಅಲ್ಲಿಂದ ಹೊರಬರುವ ಹುಡುಗ ಹುಡುಗಿಯರು ಬೆಂಗಳೂರಿಗೆ ಹೋಗಲೇಬೇಕೆಂದೇನಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಸಾಮಾನು ಸಿಗುತ್ತದೆ, ಕಮಲಾಪುರದಲ್ಲಿ ಬಣ್ಣ ಸಿಗುತ್ತದೆ, ನೋಡುಗರು ಎಲ್ಲಿ ಬೇಕಾದರೂ ಇರಬಹುದು.

ಕುಂಚ ಹಿಡಿಯುವ ತಮ್ಮ ತಂಗಿಯರಿಗೆ ನನ್ನದೊಂದು ಮಾತು. ಮುಗಿದ ಪ್ರತಿ ಚಿತ್ರದ ಹಿಂದೆ ನಿಮ್ಮ ಹೆಸರು, ಊರು, ಬಳಸಿದ ಬಣ್ಣ, ಹಿಡಿದ ತಾಸು ಬರೆಯಿರಿ. ಕೊಳ್ಳುವವರಿಗೂ ಅದನ್ನೇ ಹೇಳುತ್ತೇನೆ: ಚಿತ್ರ ತೆಗೆದುಕೊಳ್ಳುವಾಗ ಹಿಂಬದಿ ತಿರುಗಿಸಿ ನೋಡಿ, ಇವು ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಮೊಮ್ಮಕ್ಕಳ ಕೈಗೆ ಚಿತ್ರ ಹೋಗುವ ಹೊತ್ತಿಗೆ ಅದನ್ನು ಯಾರು, ಎಲ್ಲಿ ಕೂತು, ಹೇಗೆ ಮಾಡಿದರು ಎಂಬುದೂ ಅದರ ಜೊತೆಗೇ ಹೋಗಬೇಕು.